ಯಂಕಮ್ಮನ ಬಿಸಿಲು, ಮುನಿಲಕ್ಷ್ಮಮ್ಮನ ಹೊಟ್ಟೆಯುರಿ

ದೊಮ್ಮಲೂರಿನ ಹಳೇ ಊರಿನಲ್ಲಿ ಮೈಕು ಅಂದರೆ ಮುನಿಲಕ್ಷ್ಮಮ್ಮ. ಗಣೇಶನ ಪೆಂಡಾಲಿರಲಿ, ರಾಜ್ಯೋತ್ಸವವಿರಲಿ, ಖಾಲಿ ಕೊಡ ಇಟ್ಟು ರಸ್ತೆ ಅಡ್ಡಗಟ್ಟುವ ದಿನವಿರಲಿ, ಮೈಕು ಯಾರ ಕೈಯಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅವಳ ಕೈಯಲ್ಲೇ. ಕಿತ್ತುಕೊಳ್ಳುತ್ತಾಳೆ ಅನ್ನುವುದು ಆಗದವರ ಮಾತು. ಹಿಡಿದವರೇ ಅವಳ ಮುಖ ನೋಡಿ, ಈ ಯಮ್ಮ ಹೀಗೆ ನೋಡುತ್ತಾ ಕೂತರೆ ನಮಗೆ ಮಾತೇ ಹೊರಡುವುದಿಲ್ಲ ಅಂತ ಕೊಟ್ಟುಬಿಡುತ್ತಿದ್ದರು.

ಆ ಮುಖದಲ್ಲಿ ಏನಿರುತ್ತಿತ್ತು ಅಂದರೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು, ಊರಿಗೆಲ್ಲ ಗೊತ್ತಿರುವ ವಿಷಯ. ವರ್ತೂರಿನ ಕಡೆ ಸೊಪ್ಪು ಬೆಳೆಯುವವರ ಮನೆಯಲ್ಲಿ ಹುಟ್ಟಿದಾಗಿನಿಂದ ಅದು ಅವಳ ಜೊತೆಗೇ ಬೆಳೆದಿತ್ತು. ಅಕ್ಕನ ಜಡೆ ತನ್ನದಕ್ಕಿಂತ ಉದ್ದ ಅಂತ ಒಂದು ಸಲ ಕತ್ತರಿ ಹಿಡಿದು ಹೋಗಿ ತಾಯಿಯ ಕೈಲಿ ಚೆನ್ನಾಗಿ ಏಟು ತಿಂದಿದ್ದಳು. ಮದುವೆಯಾಗಿ ದೊಮ್ಮಲೂರಿಗೆ ಬಂದ ಮೇಲೆ ಓರಗಿತ್ತಿಯ ಮೂಗುಬೊಟ್ಟು ನೋಡಿ ಉರಿದುಕೊಂಡಳು. ಹಲಸೂರಿನವರ ಬೀದಿಗೆ ನಲ್ಲಿ ಬಂತು ಅಂತ ಕೇಳಿ ಊಟ ಬಿಟ್ಟಳು. ಇಂದಿರಾನಗರದ ಬಂಗಲೆಯವರಿಗೆ ಬೀದಿ ದೀಪ ಬಂದು ಪಕ್ಕದಲ್ಲೇ ಇರುವ ತಮಗೆ ಬರಲಿಲ್ಲವಲ್ಲ ಅಂತ ಹಲ್ಲು ಕಡಿದಳು. ನ್ಯಾಯವಾಗಿ ಹೇಳಬೇಕು ಅಂದರೆ, ಆ ಹಲ್ಲು ಕಡಿದದ್ದರಿಂದಲೇ ದೊಮ್ಮಲೂರಿಗೆ ನಲ್ಲಿಯೂ ಬಂತು, ದೀಪವೂ ಬಂತು. "ಅವ್ರಿಗಿದ್ರೆ ನಮಗ್ಯಾಕಿಲ್ಲ?" ಅನ್ನುವುದೊಂದೇ ಅವಳ ಭಾಷಣ. ಅದನ್ನೇ ಹಿಂದೆ ಮುಂದೆ ಮಾಡಿ ಹೇಳಿ ಎಷ್ಟೋ ಕಾರ್ಪೊರೇಟರುಗಳ ಬೆವರಿಳಿಸಿದ್ದಳು.

ಗಂಡ ಚಿಕ್ಕಮುನಿಯಪ್ಪ ಇದಕ್ಕೆ ತದ್ವಿರುದ್ಧ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಿಗೆ ಹೋದಾಗಲೂ, ಮಿಕ್ಕಿದ ಅಂಚಿನಲ್ಲಿ ಫ್ಲೈಓವರಿನ ಕಂಬ ಎದ್ದಾಗಲೂ "ಹೋಗ್ಲಿ ಬಿಡು" ಅಂದ ಮನುಷ್ಯ. ಉಳಿದದ್ದು ಬೇವಿನ ಮರದ ನೆರಳಿನಲ್ಲಿ ಒಂದು ತಾರಸಿ ಮನೆ, ಅದರ ಹಿಂದೆ ಉದ್ದಕ್ಕೆ ಒಂದು ಪಟ್ಟಿ ಜಾಗ. ಓರಗಿತ್ತಿ ತನ್ನ ಪಾಲಿನ ಜಾಗದಲ್ಲಿ ಶೀಟ್ ಮನೆ ಹಾಕಿಸಿ ಬಾಡಿಗೆಗೆ ಬಿಟ್ಟಳು ಅಂತ ಮುನಿಲಕ್ಷ್ಮಮ್ಮನೂ ಹಟ ಹಿಡಿದು ಆ ಪಟ್ಟಿಯಲ್ಲಿ ಸಾಲಾಗಿ ಶೀಟ್ ಮನೆಗಳನ್ನು ಹಾಕಿಸಿದಳು. ಇಟ್ಟಿಗೆ ಗೋಡೆ, ಮೇಲೆ ತಗಡು, ಒಂದು ಬಾಗಿಲು, ಒಂದು ಕೈಯಗಲದ ಕಿಟಕಿ. ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿ ಇರುತ್ತಿದ್ದರು. ಸಾಲಿನ ಮೊದಲ ಮನೆಯಲ್ಲಿ ಇದ್ದದ್ದು ಗಾರೆ ಕೆಲಸದ ಜಟ್ಟೆಪ್ಪ, ಅವನ ಹೆಂಡತಿ ಯಂಕಮ್ಮ, ಇನ್ನೂ ಹೆಜ್ಜೆಯಿಡದ ಕೂಸು ಕಾವೇರಿ. ಯಂಕಮ್ಮ ಎಷ್ಟು ಮೆತ್ತಗೆ ಅಂದರೆ ಅವಳ ದನಿ ಹೇಗಿದೆ ಅಂತ ವಠಾರದವರಿಗೇ ಸರಿಯಾಗಿ ಗೊತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಬೃಂದಾ ಅನ್ನುವ ಲಾಯರು ಹುಡುಗಿ ದೊಮ್ಮಲೂರಿಗೆ ಬಂದಳು. ಇಂದಿರಾನಗರದಲ್ಲಿ ಅವಳ ಸಂಘಟನೆಯ ಆಫೀಸು. ದೇಶದ ಬೇರೆ ಬೇರೆ ಊರುಗಳಿಂದ ಕೂಲಿಯವರು, ಬೀದಿ ವ್ಯಾಪಾರದವರು, ಶೀಟ್ ಮನೆಗಳಲ್ಲಿ ಇರುವವರು ದಿಲ್ಲಿಯಲ್ಲಿ ಸೇರುವವರಿದ್ದರು. ಭೂಮಿ ಬಿಸಿಯಾಗುತ್ತಿದೆ ಅಂತ ಹೊರದೇಶದ ಸಭೆಗಳಲ್ಲಿ ಹೇಳಿ ಬಂದರೆ ಸಾಲದು, ಇಲ್ಲಿ ಗಟ್ಟಿಯಾದ ಕಾನೂನು ಮಾಡಿ, ಹೊಗೆಗೆ ಕಡಿವಾಣ ಹಾಕಿ, ಬಿಸಿಲಿನ ಹೊಡೆತವನ್ನೂ ನೆರೆ ಬರದ ಹಾಗೇ ವಿಪತ್ತು ಅಂತ ಒಪ್ಪಿಕೊಳ್ಳಿ ಅಂತ ಕೇಂದ್ರ ಸರ್ಕಾರವನ್ನು ಕೇಳುವುದು ಅವರ ಉದ್ದೇಶ. ಒಂದೊಂದು ಊರಿನಿಂದ ಒಬ್ಬೊಬ್ಬ ಹೆಂಗಸು ಮಂತ್ರಿಗಳ ಮುಂದೆ ಮೈಕು ಹಿಡಿದು ಮಾತಾಡಬೇಕು. ಬೆಂಗಳೂರಿನಿಂದ ಯಾರು ಅನ್ನುವುದಿನ್ನೂ ತೀರ್ಮಾನವಾಗಿರಲಿಲ್ಲ.

ತೀರ್ಮಾನ ಮಾಡುವುದೇನು ಬಂತು? ಮುನಿಲಕ್ಷ್ಮಮ್ಮ ಕಾರ್ಪೊರೇಟರ ಮುಂದೆ ಮಾತಾಡಿದ್ದಳು, ಎಮ್ಮೆಲ್ಲೆಯ ಮುಂದೆ ಮಾತಾಡಿದ್ದಳು. ದಿಲ್ಲಿಯೊಂದು ಬಾಕಿ ಇತ್ತು. ಸುದ್ದಿ ಕೇಳಿದ ಸಂಜೆಯೇ ಯಾವ ಸೀರೆ ಉಡುವುದು ಅಂತ ಪೆಟ್ಟಿಗೆ ತೆಗೆದು ನೋಡಿದಳು. ಅಲ್ಲಿ ಚಳಿಯಿದ್ದರೆ ಇರಲಿ ಅಂತ ಶಾಲನ್ನೂ ಒಗೆದು ಹಾಕಿದಳು. "ಏಪ್ರಿಲ್ ತಿಂಗಳಲ್ಲಿ ದಿಲ್ಲೀಲಿ ಚಳಿ ಎಲ್ಲಿಂದ ಬಂತೇ?" ಅಂತ ಚಿಕ್ಕಮುನಿಯಪ್ಪ ಕೇಳಿದ್ದಕ್ಕೆ, "ನೀವು ಸುಮ್ನಿರಿ, ನಿಮಗೇನ್ ಗೊತ್ತು ದಿಲ್ಲಿ" ಅಂದಳು. ಅವಳಿಗೂ ಗೊತ್ತಿರಲಿಲ್ಲ.

ಸಮುದಾಯ ಭವನದಲ್ಲಿ ಸಭೆ ಸೇರಿತು. ಹೋಗುವಾಗ ಮುನಿಲಕ್ಷ್ಮಮ್ಮ ಯಂಕಮ್ಮನನ್ನೂ ಕರೆದುಕೊಂಡು ಹೋದಳು. ತನ್ನ ಭಾಷಣಕ್ಕೆ ಚಪ್ಪಾಳೆ ತಟ್ಟಲು ಒಂದು ಜೋಡಿ ಕೈ ಹೆಚ್ಚಿರಲಿ ಅಂತ, ಅಷ್ಟೇ. ಅಂದು ಅವಳು ಚೆನ್ನಾಗಿಯೇ ಮಾತಾಡಿದಳು. ದೊಮ್ಮಲೂರಿನ ಕೆರೆ, ಹೊಲ, ಹುಣಸೆ ತೋಪು, ಮೇ ತಿಂಗಳಲ್ಲೂ ಕಂಬಳಿ ಹೊದ್ದು ಮಲಗುತ್ತಿದ್ದ ಕಾಲ, ಒಂದನ್ನೂ ಬಿಡಲಿಲ್ಲ. "ದಿಲ್ಲಿಯವ್ರ ಮನೇಲಿ ಏಸಿ ಇದ್ರೆ ನಮಗ್ಯಾಕಿಲ್ಲ?" ಅಂತ ಮುಗಿಸಿದಳು. ಚಪ್ಪಾಳೆಯೂ ಬಿತ್ತು. ಆಮೇಲೆ ಬೃಂದಾ ಮೈಕು ಹಿಡಿದು, ಹಿಂದಿನ ಸಾಲಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಯಂಕಮ್ಮನ ಹತ್ತಿರ ಹೋಗಿ, "ಅಕ್ಕ, ನಿಮ್ಮನೇಲಿ ಮಧ್ಯಾಹ್ನ ಹೇಗಿರುತ್ತೆ?" ಅಂತ ಕೇಳಿದಳು.

ಯಂಕಮ್ಮ ಒಮ್ಮೆ ಮುನಿಲಕ್ಷ್ಮಮ್ಮನ ಮುಖ ನೋಡಿದಳು. ಆಮೇಲೆ ಹೇಳಿದಳು.

"ನಮ್ಮ ಮನ್ಯಾಗ ಮಧ್ಯಾಹ್ನ ಕೂಸು ಮಲಗಂಗಿಲ್ರೀ. ಮ್ಯಾಲ ತಗಡು ಕಾದಿರ್ತದ. ಚಾಪಿ ಮ್ಯಾಲ ಹಾಕಿದ್ರ ಕಿರುಚ್ತದ. ಅದಕ್ಕ ಬಟ್ಟಿ ಒಗಿಯೋ ಟಬ್ಬಿನ್ಯಾಗ ನೀರು ಹಾಕಿ ಕುಂದರಸ್ತೀನ್ರಿ. ನೀರಾಗ ಕುಂತಲ್ಲೇ ತೂಕಡಿಸ್ತದ. ಮಾರಿ ನೀರಾಗ ಬೀಳಬಾರದಂತ ಗದ್ದ ಹಿಡಕೊಂಡು ಕುಂತಿರ್ತೀನಿ. ಬಿಸಿಲು ಇಳಿಯೂತನ ಹಿಡಕೊಂಡಽ ಇರ್ತೀನ್ರಿ."

ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೃಂದಾ ಕಣ್ಣೊರೆಸಿಕೊಂಡಳು. ಶಿವಾಜಿನಗರದಿಂದ ಬಂದಿದ್ದ ಟೈಲರ್ ಹೆಂಗಸರ ಮುಖಂಡಿ ಜಹನಾರಾ "ಯಾ ಅಲ್ಲಾ" ಅಂದು ಎದ್ದು ಹೋಗಿ ಕೂಸಿನ ತಲೆ ಸವರಿದಳು. ಮುನಿಲಕ್ಷ್ಮಮ್ಮನಿಗೆ ಹೊಟ್ಟೆಯಲ್ಲಿ ಯಾರೋ ಮೆಣಸಿನಕಾಯಿ ಅರೆದ ಹಾಗಾಯಿತು. ತನ್ನ ಇಷ್ಟು ವರ್ಷದ ಭಾಷಣಗಳಿಗೆ ಚಪ್ಪಾಳೆ ಬಿದ್ದಿತ್ತು, ಶಿಳ್ಳೆ ಬಿದ್ದಿತ್ತು. ಹೀಗೆ ಯಾರೂ ಸುಮ್ಮನಾಗಿರಲಿಲ್ಲ.

ವಾಪಸು ಬರುವಾಗ ಅವಳು ಯಂಕಮ್ಮನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು. ಕೂಸಿನ ಸಂಕಟ ಅವಳಿಗೆ ಕಾಣಲಿಲ್ಲ ಅಂತಲ್ಲ. ಕಂಡಿತು, ಕರುಳು ಚುರುಕ್ಕೆಂದಿತು, ಆದರೆ ಅದಕ್ಕಿಂತ ಮೊದಲು ಹೊಟ್ಟೆ ಉರಿಯಿತು. ಹಾಳಾದ್ದು, ಈ ಹುಡುಗಿಗೆ ಆ ಮಾತು ಎಲ್ಲಿಂದ ಹೊಳೆಯಿತು? ಗದ್ದ ಹಿಡಕೊಂಡು ಕೂತಿರ್ತೀನಿ ಅಂತೆ! ತನ್ನ ಬಾಯಲ್ಲಿ ಅಂಥದ್ದೊಂದು ಮಾತು ಯಾಕೆ ಬರಲಿಲ್ಲ? ತನ್ನ ಮನೆಯಲ್ಲಿ ಬೇವಿನ ಮರದ ನೆರಳಿದೆ, ಮಧ್ಯಾಹ್ನ ಊಟ ಮಾಡಿದರೆ ಗೊರಕೆಯೇ ಬರುತ್ತದೆ, ಏನು ಹೇಳುವುದು?

ಯಾರೋ ಆ ಮಾತನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಮರುದಿನಕ್ಕೆ ಅದು ದೊಮ್ಮಲೂರಿನ ಫೋನುಗಳಲ್ಲೆಲ್ಲ ಓಡಾಡಿತು. ಸೊಪ್ಪಿನವನು ಕೇಳಿದ, ಹಾಲಿನ ಬೂತಿನವನು ಕೇಳಿದ, "ಅಮ್ಮಾ, ಆ ಟಬ್ಬಿನ ಯಮ್ಮ ನಿಮ್ ವಠಾರದವ್ರೇ ಅಲ್ವಾ?" ಕಲ್ಯಾಣ ನಗರದಲ್ಲಿರುವ ಮಗಳು ಪ್ರಿಯಾ ಕೂಡ ಫೋನು ಮಾಡಿ, "ಅಮ್ಮ, ಆ ವಿಡಿಯೋ ನೋಡಿ ಅಳು ಬಂದ್ಬಿಡ್ತು" ಅಂದಳು. "ನನ್ ಭಾಷಣ ನೋಡಿದ್ಯಾ?" ಅಂತ ಮುನಿಲಕ್ಷ್ಮಮ್ಮ ಕೇಳಿದಳು. "ಅದು ಬಂದಿಲ್ಲಮ್ಮ" ಅಂತ ಪ್ರಿಯಾ ಹೇಳಿದ್ದೇ ತಡ, ಫೋನು ಕಟ್ಟಾಯಿತು.

ಎರಡು ದಿನ ಬಿಟ್ಟು ಬೃಂದಾ ಬಂದಳು. ಜೊತೆಗೆ ಆಟೋದಲ್ಲಿ ಬಿಳಿ ಪೇಂಟಿನ ಡಬ್ಬಗಳು. ಶೀಟುಗಳ ಮೇಲೆ ಇದನ್ನು ಬಳಿದರೆ ಬಿಸಿಲು ಅಷ್ಟಿಷ್ಟು ವಾಪಸು ಹೋಗುತ್ತದೆ, ಒಳಗೆ ಸ್ವಲ್ಪ ತಣ್ಣಗಿರುತ್ತದೆ ಅಂದಳು. ಇನ್ನೊಂದು ಸುದ್ದಿಯನ್ನೂ ಹೇಳಿದಳು: ಮುಂದಿನ ವಾರ ದಿಲ್ಲಿಯ ಸಂಘಟನೆಯವರು ಬಂದು ಮನೆಗಳನ್ನು ನೋಡಿ, ಬೆಂಗಳೂರಿನಿಂದ ಯಾರು ಮಾತಾಡಬೇಕು ಅನ್ನುವುದನ್ನು ಹೇಳುತ್ತಾರೆ. "ಬಹುಶಃ ಯಂಕಮ್ಮಕ್ಕನೇ ಆಗ್ತಾರೆ ಆಂಟಿ."

ಅವಳು ಅಕ್ಕ, ನಾನು ಆಂಟಿ! ಮುನಿಲಕ್ಷ್ಮಮ್ಮ ಮುಗುಳ್ನಕ್ಕು ಕಾಫಿ ಕೊಟ್ಟಳು. ಹುಡುಗಿ ಹೊರಟ ಮೇಲೆ ಪೇಂಟಿನ ಡಬ್ಬಗಳನ್ನು ಒಂದೊಂದಾಗಿ ಎಳೆದು ಬಚ್ಚಲ ಪಕ್ಕದ ಉಗ್ರಾಣಕ್ಕೆ ಹಾಕಿ ಬೀಗ ಜಡಿದಳು.

"ಯಾಕೇ? ಜಟ್ಟೆಪ್ಪನಿಗೆ ಹೇಳಿದ್ರೆ ಒಂದು ಭಾನುವಾರದಲ್ಲಿ ಬಳಿದು ಹಾಕ್ತಾನೆ" ಅಂದ ಚಿಕ್ಕಮುನಿಯಪ್ಪ.

"ದಿಲ್ಲಿಯವ್ರು ಬಂದು ನೋಡೋವರ್ಗೂ ಶೀಟು ಹೆಂಗಿದ್ಯೋ ಹಂಗೇ ಇರ್ಬೇಕು. ಬಿಸಿ ಇಲ್ದಿದ್ರೆ ಏನಂತ ತೋರ್ಸೋದು?"

"ಅಲ್ಲಿರೋ ಮಕ್ಕಳು?"

"ಒಂದು ವಾರ ತಾನೇ. ಇಷ್ಟು ವರ್ಷ ಇರ್ಲಿಲ್ವಾ?"

ಚಿಕ್ಕಮುನಿಯಪ್ಪ ಹೆಂಡತಿಯ ಮುಖವನ್ನೇ ನೋಡಿದ. "ಲಕ್ಷ್ಮೀ, ಹೊಟ್ಟೇಲಿ ಏನಿಟ್ಕೊಂಡಿದ್ದೀಯೋ ಗೊತ್ತಾಗ್ತಿದೆ ನಂಗೆ" ಅಂದು ಬೀಡಿ ಹಚ್ಚಿಕೊಂಡು ಹೊರಗೆ ಹೋದ. ಅವಳು ಕೇಳಿಸಿಕೊಳ್ಳದವಳಂತೆ ಪಾತ್ರೆ ತೊಳೆದಳು.

ಪಾತ್ರೆ ತೊಳೆಯುವಾಗಲೇ ಆ ಉಪಾಯ ಹೊಳೆದದ್ದು. ಬಿಸಿಲು ಇದ್ದವರಿಗೇ ಮಾತು ಅನ್ನುವುದಾದರೆ, ಆ ಬಿಸಿಲು ತನಗೆ ಸಿಗಬಾರದು ಅಂತ ಎಲ್ಲಿದೆ? ತಾರಸಿ ಮನೆಯಲ್ಲಿ ನಡುಮನೆ, ಅಡುಗೆಮನೆ ಬಿಟ್ಟರೆ ಇದ್ದದ್ದು ಒಂದೇ ರೂಮು. ಮರದ ನೆರಳು ನೇರವಾಗಿ ಬೀಳುವ ತಣ್ಣನೆಯ ರೂಮು ಅದು. ಅದನ್ನು ಯಂಕಮ್ಮನಿಗೆ ಕೊಟ್ಟುಬಿಡುವುದು. ಹಗಲೆಲ್ಲ ತಾನು ಹೋಗಿ ಶೀಟ್ ಮನೆಯಲ್ಲಿ ಕೂರುವುದು. ದಿಲ್ಲಿಯವರು ಬಂದಾಗ ಯಂಕಮ್ಮನಿಗೆ ಹೇಳಲು ಸಂಕಟವೇ ಇರುವುದಿಲ್ಲ, ತನ್ನ ಹತ್ತಿರ ಬೇಕಾದಷ್ಟಿರುತ್ತದೆ. ಆಹಾ! ಸ್ವಂತ ಬುದ್ಧಿಯನ್ನು ಅವಳೇ ಮೆಚ್ಚಿಕೊಂಡಳು.

"ಯಂಕಮ್ಮ, ಕೂಸು ಒದ್ದಾಡ್ತಾ ಇದೆ. ಇವತ್ತಿಂದ ನೀವು ಮೂರೂ ಜನ ನಮ್ ರೂಮಲ್ಲಿರಿ" ಅಂದಳು.

ಯಂಕಮ್ಮ ಗಾಬರಿಯಾದಳು. "ಬ್ಯಾಡ್ರೀ ಅಮ್ಮಾರೆ. ನೀವೆಲ್ಲಿ ಇರ್ತೀರಿ?"

"ನಾವಿಬ್ರೂ ನಡುಮನೇಲಿ ಮಲಗ್ತೀವಿ. ಹಗಲು ನಾನು ನಿಮ್ ಮನೇಲಿ ಕೂತಿರ್ತೀನಿ. ಮಂಡಿ ನೋವು ನಂಗೆ, ಶಾಖಕ್ಕೆ ಒಳ್ಳೇದು."

ಯಂಕಮ್ಮ ಅವಳ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿ, ಕೂಸನ್ನೆತ್ತಿಕೊಂಡು ರೂಮಿಗೆ ಬಂದಳು. ಸಂಜೆಯೊಳಗೆ ಸುದ್ದಿ ಬೀದಿ ತುಂಬ ಹರಡಿತು. "ಮುನಿಲಕ್ಷ್ಮಮ್ಮ ದೇವ್ರಂಥವ್ರು ಕಣ್ರೀ" ಅಂದರು. ಓರಗಿತ್ತಿಯೇ ಬಂದು, "ನಂಗಾಗಿದ್ರೆ ಮನಸ್ಸು ಬರ್ತಿರ್ಲಿಲ್ಲಮ್ಮ" ಅಂತ ಒಪ್ಪಿಕೊಂಡು ಹೋದಳು. ಅದನ್ನು ಕೇಳಿ ಮುನಿಲಕ್ಷ್ಮಮ್ಮನಿಗೆ ಜೇನು ತಿಂದಷ್ಟು ಸಿಹಿಯಾಯಿತು.

ಮಾರನೇ ದಿನ ಊಟ ಮುಗಿಸಿ ಶೀಟ್ ಮನೆಗೆ ಹೋಗಿ ಚಾಪೆ ಹಾಸಿದಳು. ಮೊದಲು ಏನೂ ಅನ್ನಿಸಲಿಲ್ಲ. ಅಯ್ಯೋ ಇಷ್ಟೇನಾ ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ತಗಡು ಟಕ್ ಟಕ್ ಅಂತ ಸದ್ದು ಮಾಡತೊಡಗಿತು. ಫ್ಯಾನು ತಿರುಗುತ್ತಿತ್ತು, ಆದರೆ ಅದು ಕೆಳಗೆ ದೂಡುತ್ತಿದ್ದದ್ದು ಒಲೆಯ ಬಾಯಿಂದ ಬರುವಂಥ ಗಾಳಿ. ಕುಡಿಯಲಿಕ್ಕೆ ಚೊಂಬು ಮುಟ್ಟಿದರೆ ಚೊಂಬೂ ಬಿಸಿ, ಒಳಗಿನ ನೀರೂ ಬಿಸಿ. ಗೋಡೆಗೆ ಒರಗಿದರೆ ಗೋಡೆ ಬೆನ್ನನ್ನು ನೂಕುತ್ತಿತ್ತು. ತಲೆ ದಿಮ್ಮೆನ್ನತೊಡಗಿತು. ಎದ್ದು ಹೋಗಿಬಿಡೋಣ ಅನ್ನಿಸಿದಾಗಲೆಲ್ಲ ಯಂಕಮ್ಮನ ವಿಡಿಯೋ ಕಣ್ಣ ಮುಂದೆ ಬರುತ್ತಿತ್ತು. ಆ ಹುಡುಗಿಗೆ ಆಗುವುದು ತನಗಾಗುವುದಿಲ್ಲವೇ? ಹಲ್ಲು ಕಚ್ಚಿ ಕೂತಳು.

ಕೂತವಳಿಗೆ ಗೋಡೆಯಾಚೆಯ ಮನೆ ಕೇಳಿಸುತ್ತಿತ್ತು. ಹುಲಿಗೆಪ್ಪ ಅನ್ನುವ ಸೆಂಟ್ರಿಂಗ್ ಕೆಲಸದವನ ಮನೆ ಅದು. ಅವನ ಹೆಂಡತಿ ಮಕ್ಕಳಿಗೆ ಮಲಕ್ಕೋ ಮಲಕ್ಕೋ ಅನ್ನುತ್ತಿದ್ದಳು, ಮಕ್ಕಳು ಅಳುತ್ತಿದ್ದವು, ಅವಳು ಸಿಟ್ಟಿಗೆದ್ದು ಹೊಡೆಯುತ್ತಿದ್ದಳು, ಆಮೇಲೆ ಅವಳೇ ಅಳುತ್ತಿದ್ದಳು. ಇಷ್ಟು ವರ್ಷ ಅದೇ ಸದ್ದನ್ನು ಮುಂದಿನ ಮನೆಯಿಂದ ಕೇಳಿಸಿಕೊಂಡು, "ಈ ಕಡೆ ಜನಕ್ಕೆ ಮಕ್ಕಳನ್ನ ಸಾಕೋಕೆ ಬರಲ್ಲ" ಅಂತ ಮೂಗು ಮುರಿಯುತ್ತಿದ್ದವಳು ಇವಳೇ. ಬೀಗ ಹಾಕಿದ ಪೇಂಟಿನ ಡಬ್ಬ ನೆನಪಿಗೆ ಬಂದು ಎದೆ ಚುಚ್ಚಿತು. ಇವತ್ತೇ ತೆಗೆದುಕೊಡಲೇ ಅಂತ ಒಂದು ಮನಸ್ಸು. ಇನ್ನು ನಾಲ್ಕೇ ದಿನ ಅಂತ ಇನ್ನೊಂದು. ಗೆದ್ದದ್ದು ಇನ್ನೊಂದೇ.

ದಿನಾ ಹೋಗಿ ಕೂತಳು. ಮೈತುಂಬ ಬೆವರುಸಾಲೆ ಎದ್ದಿತು. ಅದನ್ನು ನೋಡಿಕೊಂಡು ಸಂತೋಷಪಟ್ಟಳು! ಇದನ್ನು ತೋರಿಸಬಹುದು, ಗೋಡೆ ಬೆನ್ನನ್ನು ನೂಕುವುದನ್ನು ಹೇಳಬಹುದು ಅಂತ ಮನಸ್ಸಿನಲ್ಲೇ ಭಾಷಣ ಹೊಂದಿಸಿದಳು. ಅತ್ತ ರೂಮಿನಲ್ಲಿ ಕಾವೇರಿ ಮಧ್ಯಾಹ್ನವೆಲ್ಲ ಕೈಕಾಲು ಚೆಲ್ಲಿ ಮಲಗುತ್ತಿದ್ದಳು. ಸಂಜೆ ಮುನಿಲಕ್ಷ್ಮಮ್ಮ ಸುಸ್ತಾಗಿ ಮನೆಗೆ ಬಂದರೆ ಯಂಕಮ್ಮ ನೀರು ಮಜ್ಜಿಗೆ ತಂದುಕೊಡುತ್ತಿದ್ದಳು. ಆ ಮಜ್ಜಿಗೆಯನ್ನು ಗಟಗಟ ಕುಡಿದು, ನಿದ್ದೆ ಮಾಡಿ ಮುಖ ತಿಳಿಯಾಗಿದ್ದ ಯಂಕಮ್ಮನನ್ನು ನೋಡಿ ಮತ್ತೆ ಉರಿದುಕೊಳ್ಳುತ್ತಿದ್ದಳು. ಮಾಡಿದ್ದು ತಾನೇ, ಉರಿದುಕೊಳ್ಳುವವಳೂ ತಾನೇ, ಯಾರಿಗೆ ಹೇಳುವುದು?

ದಿಲ್ಲಿಯವರು ಬಂದರು. ಇಬ್ಬರು ಹೆಂಗಸರು, ಕ್ಯಾಮೆರಾ ಹಿಡಿದ ಒಬ್ಬ ಗಂಡಸು, ಜೊತೆಗೆ ಬೃಂದಾ. ಶೀಟಿಗೆ ಪೇಂಟ್ ಯಾಕೆ ಬಳಿದಿಲ್ಲ ಅಂತ ಬೃಂದಾ ಕೇಳಿದ್ದಕ್ಕೆ, ಬಳಿಯುವವರಿಗೆ ಪುರುಸೊತ್ತಾಗಿಲ್ಲ ಅಂದು, ಮುನಿಲಕ್ಷ್ಮಮ್ಮ ಅವರನ್ನು ನೇರವಾಗಿ ಶೀಟ್ ಮನೆಯೊಳಕ್ಕೆ ಕರೆದುಕೊಂಡು ಹೋಗಿ ಕೂರಿಸಿಕೊಂಡಳು. ಅವತ್ತಿನ ಹಾಗೆ ಅವಳು ಜನ್ಮದಲ್ಲಿ ಮಾತಾಡಿರಲಿಲ್ಲ. ಹೊಂದಿಸಿಕೊಂಡಿದ್ದ ಭಾಷಣ ಎಲ್ಲೋ ಮರೆತುಹೋಗಿ, ಪಕ್ಕದ ಮನೆಯ ತಾಯಿ ಹೊಡೆದು ಅಳುವುದನ್ನು ಹೇಳುತ್ತಾ ತಾನೇ ಮಲಕ್ಕೋ ಮಲಕ್ಕೋ ಅಂತ ಚಾಪೆ ತಟ್ಟಿದಳು. ಬೃಂದಾ ಹಿಂದಿಯಲ್ಲಿ ಹೇಳುತ್ತಿದ್ದಂತೆ ಬಂದವರ ಕಣ್ಣು ಒದ್ದೆಯಾಯಿತು. ಗೆದ್ದೆ ಅಂದುಕೊಂಡಳು.

ಅಷ್ಟರಲ್ಲಿ ಅವರಲ್ಲೊಬ್ಬಳು ಏನೋ ಕೇಳಿದಳು. "ಎಷ್ಟು ವರ್ಷದಿಂದ ಈ ಮನೇಲಿದ್ದೀರಿ ಅಂತ ಕೇಳ್ತಿದ್ದಾರೆ" ಅಂದಳು ಬೃಂದಾ. ಮುನಿಲಕ್ಷ್ಮಮ್ಮ ಚೊಂಬು ಎತ್ತಿ ನೀರು ಕುಡಿಯತೊಡಗಿದಳು. ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಯಂಕಮ್ಮ ಉತ್ತರ ಕೊಟ್ಟಳು.

"ಇದು ನಮ್ಮ ಮನಿ ಆಗಿತ್ರೀ. ಕೂಸಿಗೆ ತ್ರಾಸ ಆಗ್ತದಂತ ಅಮ್ಮಾರು ತಮ್ಮ ಖೋಲಿ ನಮಗ ಕೊಟ್ಟು, ತಾವು ಬಂದು ಇಲ್ಲಿ ಕುಂದರ್ತಾರ್ರಿ."

ಬೃಂದಾ ಅದನ್ನು ಹಿಂದಿಯಲ್ಲಿ ಹೇಳಿದ್ದೇ ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಬಂದ ಹೆಂಗಸರು ಎದ್ದು ಬಂದು ಮುನಿಲಕ್ಷ್ಮಮ್ಮನ ಎರಡೂ ಕೈ ಹಿಡಿದುಕೊಂಡರು. ಬೃಂದಾ ಅವಳನ್ನು ತಬ್ಬಿಕೊಂಡುಬಿಟ್ಟಳು. "ಆಂಟಿ, ನೀವು ಇಷ್ಟು ದೊಡ್ಡ ಕೆಲ್ಸ ಮಾಡಿ ಒಂದು ಮಾತೂ ಹೇಳ್ಲಿಲ್ವಲ್ಲ! ಸರ್ಕಾರ ಮಾಡ್ಬೇಕಾಗಿದ್ದನ್ನ ನೀವು ಮಾಡಿ ತೋರ್ಸಿದ್ದೀರಿ. ಇದನ್ನ ಯಂಕಮ್ಮಕ್ಕ ದಿಲ್ಲೀಲಿ ಹೇಳಿದ್ರೆ ಯಾವ ಮಂತ್ರಿಗೂ ಉತ್ತರ ಇರಲ್ಲ."

ಯಂಕಮ್ಮಕ್ಕನೇ ಹೇಳಬೇಕಂತೆ. ಮುನಿಲಕ್ಷ್ಮಮ್ಮ ನಗಲೂ ಆಗದೆ ಅಳಲೂ ಆಗದೆ ತಲೆಯಾಡಿಸಿದಳು. ಇಷ್ಟು ದಿನ ಬೆಂದದ್ದು ಬೆಂದಳು, ಬೇಯಿಸಿಕೊಂಡ ಅಡುಗೆಯನ್ನು ಯಂಕಮ್ಮನ ಎಲೆಗೆ ತಾನೇ ಬಡಿಸಿದ ಹಾಗಾಯಿತು.

ಯಂಕಮ್ಮ ಕೂಸನ್ನೆತ್ತಿಕೊಂಡು ಬೃಂದಾಳ ಜೊತೆ ರೈಲು ಹತ್ತಿದಳು. ಮುನಿಲಕ್ಷ್ಮಮ್ಮನ ರೇಷ್ಮೆ ಸೀರೆ, ಶಾಲು ಪೆಟ್ಟಿಗೆಯಲ್ಲೇ ಉಳಿದವು. ದಿಲ್ಲಿಯ ಸಭೆ ಫೋನಿನಲ್ಲಿ ನೇರವಾಗಿ ಬರುತ್ತದೆ ಅಂತ ಚಿಕ್ಕಮುನಿಯಪ್ಪ ಅವತ್ತು ಬೆಳಗ್ಗೆಯೇ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿದ. ಜಟ್ಟೆಪ್ಪ ಕೆಲಸಕ್ಕೆ ಹೋಗದೆ ಹೊಸ ಅಂಗಿ ಹಾಕಿಕೊಂಡು ಕೂತಿದ್ದ. ಮುನಿಲಕ್ಷ್ಮಮ್ಮ ತನಗೇನೂ ಆಸಕ್ತಿಯಿಲ್ಲದವಳಂತೆ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಳು. ಕಣ್ಣು ಮಾತ್ರ ಫೋನಿನ ಮೇಲೆ.

ಮಂತ್ರಿಗಳು ಬಂದಿರಲಿಲ್ಲ. ಅವರ ಪರವಾಗಿ ಒಬ್ಬ ಅಧಿಕಾರಿ ಬಂದಿದ್ದ. ಒಂದೊಂದು ಊರಿನ ಹೆಂಗಸು ಮಾತಾಡಿದಾಗಲೂ ಅವನು "ಪರಿಶೀಲಿಸುತ್ತೇವೆ" ಅನ್ನುವ ಹಾಗೆ ತಲೆಯಾಡಿಸುತ್ತಿದ್ದ. ಯಂಕಮ್ಮನ ಸರದಿ ಬಂತು. ಮೈಕು ಅವಳಿಗಿಂತ ಎತ್ತರದಲ್ಲಿತ್ತು, ಯಾರೋ ಬಂದು ಬಗ್ಗಿಸಿಕೊಟ್ಟರು. ಟಬ್ಬಿನ ಮಾತು ಹೇಳುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಬೇರೆಯದೇ ಶುರು ಮಾಡಿದಳು.

"ನಮ್ಮ ಮನಿ ಮಾಲಕರು ಮುನಿಲಕ್ಷ್ಮಮ್ಮ ಅಂತ ಅದಾರ್ರಿ. ಅವರ ಹಂತ್ಯಾಕ ಒಂದಽ ತಣ್ಣನ ಖೋಲಿ ಇತ್ತು. ಅದನ್ನ ನಮಗ ಕೊಟ್ಟು ತಾವು ಹೋಗಿ ತಗಡಿನ ಕೆಳಗ ಕುಂತ್ರು. ವಯಸ್ಸಾದಾಕಿ. ನಮ್ಮ ಊರಾಕಿ ಅಲ್ಲ, ನಮ್ಮ ಮಂದಿ ಅಲ್ಲ. ಒಂದು ಖೋಲಿ ಇದ್ದಾಕಿ ಆ ಒಂದು ಖೋಲಿ ಕೊಟ್ಟಾಳ್ರಿ. ಇಡೀ ದೇಶ ಕೈಯಾಗ ಇಟಗೊಂಡವರು ನೀವು ಏನ ಕೊಡ್ತೀರಿ? ಆಕಿ ಕುಂತಂಗ ಒಂದು ಮಧ್ಯಾಹ್ನ ನೀವೂ ಬಂದು ಕುಂದರ್ರಿ. ಆಮ್ಯಾಲ ಹೋಗಿ ಕಾನೂನು ಬರೀರಿ."

ಬೃಂದಾ ಅದನ್ನು ಹಿಂದಿಯಲ್ಲಿ ಹೇಳಿ ಮುಗಿಸುವ ಮೊದಲೇ ಅಲ್ಲಿ ಜನ ಎದ್ದು ನಿಂತರು. ಅಧಿಕಾರಿಯ ತಲೆಯಾಟ ನಿಂತಿತ್ತು. ಇಲ್ಲಿ ನಡುಮನೆಯಲ್ಲಿ ಎಲ್ಲರೂ ಮುನಿಲಕ್ಷ್ಮಮ್ಮನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಹುಲಿಗೆಪ್ಪನ ಹೆಂಡತಿ ಬಂದು ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುನಿಲಕ್ಷ್ಮಮ್ಮ ಹೌಹಾರಿ ಕಾಲು ಹಿಂದಕ್ಕೆಳೆದುಕೊಂಡಳು. ಪೇಂಟಿನ ಡಬ್ಬಕ್ಕೆ ಬೀಗ ಹಾಕಿ, ಈ ಹೆಂಗಸಿನ ಮಕ್ಕಳನ್ನು ಬಿಸಿಲಿಗೆ ಬಿಟ್ಟ ಕಾಲು ಅದು. ದಿಲ್ಲಿಯ ಮೈಕಿನಲ್ಲಿ ತನ್ನ ಹೆಸರು ಕೇಳಬೇಕು ಅಂತ ಆಸೆಪಟ್ಟಿದ್ದಳು, ಕೇಳಿತು. ಕೇಳಿದ್ದೇ ಮೈಯೆಲ್ಲ ಮುಳ್ಳಾಯಿತು. ಸೊಪ್ಪಿನ ಮೊರ ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಹೊರಗೆ ಬಂದವಳೇ ಉಗ್ರಾಣದ ಬೀಗ ತೆಗೆದು ಡಬ್ಬಗಳನ್ನು ಅಂಗಳಕ್ಕೆ ಎಳೆದು ಹಾಕಿದಳು. "ಜಟ್ಟೆಪ್ಪ, ಹೊಸ ಅಂಗಿ ಬಿಚ್ಚಿಡು. ಈಗ್ಲೇ ಮೇಲೆ ಹತ್ತು. ಹುಲಿಗೆಪ್ಪನ್ ಮನೆಯಿಂದ ಶುರು ಮಾಡು" ಅಂದಳು. ಚಿಕ್ಕಮುನಿಯಪ್ಪ ಏಣಿ ತಂದ. ಸಂಜೆಯ ಹೊತ್ತಿಗೆ ತಗಡುಗಳೆಲ್ಲ ಬೆಳ್ಳಗಾಗಿದ್ದವು.

ಯಂಕಮ್ಮ ದಿಲ್ಲಿಯಿಂದ ಬಂದ ದಿನ ಯಾರೋ ಹಾರ ತಂದಿದ್ದರು, ಯಾರೋ ಫೋಟೋ ಹಿಡಿದರು. ಅದೆಲ್ಲ ಮುಗಿದ ಮೇಲೆ ಅವಳು ರೂಮಿಗೆ ಹೋಗಿ ಕೂಸನ್ನು ಮಲಗಿಸಿ, ಗಂಟು ಕಟ್ಟತೊಡಗಿದಳು. ಮುನಿಲಕ್ಷ್ಮಮ್ಮ ಬಾಗಿಲಲ್ಲಿ ಬಂದು ನಿಂತಳು.

"ಏನ್ ಮಾಡ್ತಿದ್ದೀಯೆ?"

"ದಿಲ್ಲಿ ಕೆಲಸ ಆತಲ್ರೀ. ನಿಮ್ಮ ಖೋಲಿ ನಿಮಗ. ಬಿಳಿ ಬಣ್ಣ ಹಚ್ಚೀರಂತ, ಇರ್ತೀವಿ ಹ್ಯಾಂಗರ."

"ಯಂಕಮ್ಮ, ನಾನು ಕೂಸಿಗೋಸ್ಕರ ಕೊಟ್ಟಿದ್ದಲ್ಲ ಕಣೇ. ಹೊಟ್ಟೆಕಿಚ್ಚಿಗೆ ಕೊಟ್ಟಿದ್ದು. ನೀನು ದಿಲ್ಲಿಗೆ ಹೋಗ್ಬಾರ್ದು, ನಾನು ಹೋಗ್ಬೇಕು ಅಂತ."

ಯಂಕಮ್ಮ ಗಂಟಿನಿಂದ ಕೈ ತೆಗೆಯದೆ ಹೇಳಿದಳು, "ಗೊತ್ತಿತ್ರೀ."

"ಗೊತ್ತಿತ್ತಾ?"

"ಮಂಡಿ ನೋವು ಅಂದಾಗಿನ ನಿಮ್ಮ ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನ್ರಿ?"

"ಮತ್ತೆ ಅಷ್ಟು ಜನದ ಮುಂದೆ ನನ್ನ ಯಾಕೆ ಹಾಗೆ ಹೊಗಳಿದ್ಯೇ?"

"ಸುಳ್ಳೇನ ಹೇಳಿಲ್ಲರೀ. ಖೋಲಿ ಕೊಟ್ರಿ. ಕೂಸು ಮಲಗ್ತು. ಯಾಕ ಕೊಟ್ರಿ ಅಂತ ಕೂಸು ಕೇಳಿಲ್ಲ, ನಾ ಯಾಕ ಕೇಳ್ಲಿ? ದಿಲ್ಲಿಯವರಿಗೂ ಅದನ್ನಽ ಅಂತೀನ್ರಿ. ವೋಟಿಗರ ಮಾಡ್ಲಿ, ಹೆಸರಿಗರ ಮಾಡ್ಲಿ, ಮತ್ತೊಂದು ದೇಶದವರ ಮ್ಯಾಲಿನ ಹೊಟ್ಟಿಕಿಚ್ಚಿಗರ ಮಾಡ್ಲಿ. ಮಾಡ್ಲಿ ಅಷ್ಟಽ."

ಮುನಿಲಕ್ಷ್ಮಮ್ಮ ಬೆರಗಾಗಿ ನಿಂತಳು. ಮರುಕ್ಷಣ ಹೊಟ್ಟೆ ಮತ್ತೆ ಭಗ್ಗೆಂದಿತು. ಈ ಮಾತೂ ಇವಳಿಗೇ ಹೊಳೆಯಬೇಕಾ, ಹಾಳಾದವಳಿಗೆ!

"ಇದನ್ನ ಅಲ್ಲಿ ಹೇಳಿದ್ಯೇನೇ?"

"ಇಲ್ರೀ. ಈಗ ಬಂತು ಬಾಯಾಗ."

"ಹಂಗಾದ್ರೆ ಅದು ನಂದು. ಮುಂದಿನ್ ಸಲ ನಾನೇ ಹೋಗಿ ಹೇಳ್ತೀನಿ. ನೀನು ಎಲ್ಲೂ ಬಾಯಿ ಬಿಡ್ಕೂಡ್ದು."

"ಹೇಳ್ರಿ ಅಮ್ಮಾರೆ" ಅಂದಳು ಯಂಕಮ್ಮ, ನಗು ತಡೆದುಕೊಂಡು.

ಕಾವೇರಿ ನಿದ್ದೆಯಲ್ಲೇ ಮಗ್ಗುಲಾಗಿ ಕೈಯನ್ನು ಚಾಪೆಯಾಚೆ ಚೆಲ್ಲಿದಳು. ಗದ್ದ ಹಿಡಿಯಲು ಯಾರೂ ಬೇಕಿರಲಿಲ್ಲ. ಮುನಿಲಕ್ಷ್ಮಮ್ಮ ಒಳಗೆ ಬಂದು, ಯಂಕಮ್ಮ ಕಟ್ಟಿದ್ದ ಗಂಟನ್ನು ಕೈಯಿಂದ ಕಸಿದುಕೊಂಡು, ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬಟ್ಟೆ ತೆಗೆದು ಮತ್ತೆ ಗೂಡಿನಲ್ಲಿ ಜೋಡಿಸತೊಡಗಿದಳು.